ಮುಚ್ಚಳದಲ್ಲೊಂದು ಗಾಜು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಶವಾಗಾರದ ಹಿಂದಿರುವ ಶೆಡ್ಡಿನಲ್ಲಿ ಬೆಸುಗೆಯ ಹೊಗೆ ಆಗಲೇ ಕಣ್ಣು ಉರಿಸುತ್ತಿದೆ. ಎಲ್ಲರ ಬಾಯಲ್ಲೂ ‘ತಗಡಣ್ಣ’ ಆಗಿರುವ, ಅರವತ್ತು ದಾಟಿದ ಕೆಲಸಗಾರ ಮಂಡಿಯೂರಿ ಕುಳಿತು ಸತುವಿನ ತಗಡಿನ ಅಂಚು ಮಡಿಸುತ್ತಿದ್ದಾರೆ. ವಿಮಾನದಲ್ಲಿ ಊರಿಗೆ ಹೋಗುವ ಹೆಣಕ್ಕೆ ಮರದ ಪೆಟ್ಟಿಗೆಯ ಒಳಗೆ ಗಾಳಿಯಾಡದ ತಗಡಿನ ಪೆಟ್ಟಿಗೆ ಬೇಕು. ಅದನ್ನು ಮಾಡಿಕೊಡುವುದೇ ಇವರ ಕಸುಬು.

ಬಾಗಿಲ ಬಳಿ ಒಬ್ಬ ಹೆಂಗಸು ಫೋನು ಹಿಡಿದು ನಿಂತಿದ್ದಾಳೆ. ಕ್ರೇನ್ ಓಡಿಸುತ್ತಿದ್ದ ಅವಳ ಅಣ್ಣ ಮೊನ್ನೆ ಮೇಲಿಂದ ಬಿದ್ದು ತೀರಿಕೊಂಡಿದ್ದಾನೆ.

“ಎರಡೇ ಗಂಟೆ ಪ್ರಯಾಣ ಅಂತ ಇದರಲ್ಲಿ ತೋರಿಸ್ತಿದೆ. ಮಧ್ಯಾಹ್ನವೇ ಮಣ್ಣು ಅಂತ ಊರಿಗೆ ಹೇಳ್ಬಿಟ್ಟಿದೀನಿ.”

“ಅದು ಬದುಕಿರೋರ ಲೆಕ್ಕ ತಾಯಿ,” ಎನ್ನುತ್ತಾರೆ ತಗಡಣ್ಣ. “ಪೆಟ್ಟಿಗೆ ತಗೊಳ್ಳೋ ನೇರ ವಿಮಾನ ಇಲ್ಲ. ಮೊದಲು ನಿಮ್ಮೂರಿಗೆ ಬೆನ್ನು ಹಾಕಿ ದೊಡ್ಡ ನಿಲ್ದಾಣಕ್ಕೆ ಹೋಗುತ್ತೆ. ಅಲ್ಲಿ ಇಳಿಸಿ ಇಡ್ತಾರೆ. ರಾತ್ರಿ ಇನ್ನೊಂದಕ್ಕೆ ಹತ್ತಿಸ್ತಾರೆ. ಮಣ್ಣು ನಾಳೆಗೆ ಇಟ್ಕೊಳ್ಳಿ.”

ಎಲ್ಲರೂ ಹೀಗೆಯೇ ಮೋಸಹೋಗುತ್ತಾರೆ. ಎರಡು ನಿಲ್ದಾಣಗಳ ನಡುವಿನ ದೂರ ನೋಡುತ್ತಾರೆ, ಹಾರುವ ಹೊತ್ತು ನೋಡುತ್ತಾರೆ. ತಮ್ಮವನು ಈಗ ಸರಕು ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಪಾಪದ ಕೆಲಸವೂ ಇವರದೇ.

ಸರಕಿನ ಗೇಟು ಏಳಕ್ಕೆ ಮುಚ್ಚುತ್ತದೆ. ತಪ್ಪಿದರೆ ಮುಂದಿನ ವಿಮಾನಕ್ಕೆ ಮೂರು ದಿನ ಕಾಯಬೇಕು. ಊರಿನಲ್ಲಿ ತಾಯಿ ಅನ್ನ ನೀರು ಬಿಟ್ಟು, ಮಗನ ಮುಖ ನೋಡಬೇಕೆಂದು ಹಟ ಹಿಡಿದಿದ್ದಾಳೆ. ಊರಿನಲ್ಲಿ ಮರದ ಮುಚ್ಚಳ ತೆಗೆಯಬಹುದು, ಬೆಸುಗೆ ಹಾಕಿದ ತಗಡಿನ ಪೆಟ್ಟಿಗೆಯನ್ನು ಮತ್ತೆ ತೆರೆಯುವಂತಿಲ್ಲ. ಆದ್ದರಿಂದ ತಗಡಣ್ಣ ತಗಡಿನ ಮುಚ್ಚಳದಲ್ಲಿ, ಮುಖದ ನೇರಕ್ಕೆ, ಅಂಗೈಯಗಲದ ಗಾಜು ಕೂರಿಸುತ್ತಾರೆ. ಗಾಜು ಬೇಕೆಂಬ ನಿಯಮವೇನೂ ಇಲ್ಲ. ಅದಕ್ಕೆ ಹೊತ್ತು ಮಾತ್ರ ಹಿಡಿಯುತ್ತದೆ.

“ಸತ್ತೋರಿಗೆ ಕಿಟಕಿ ಸೀಟು ಕೊಡೋನು ನೀನೊಬ್ನೇ ಮಾರಾಯ. ಬೇಗ ಮುಗಿಸು,” ಎಂದು ವ್ಯಾನಿನ ಚಾಲಕ ಗೊಣಗುತ್ತಾನೆ.

ಕಾವಿಗೆ ಗಾಜು ಬಿರಿಯುತ್ತದೆ. ತಗಡಣ್ಣ ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಚಾಲಕ ತಲೆ ಚಚ್ಚಿಕೊಳ್ಳುತ್ತಾನೆ.

ಮೊದಲು ಇವರು ಬಕೆಟ್ಟು, ಆಲಿಕೆ ಮಾಡಿಕೊಂಡಿದ್ದವರು. ಕಡಲಾಚೆ ದುಡಿಯಲು ಹೋದ ಒಬ್ಬನೇ ಮಗ ಇಂಥದೇ ಪೆಟ್ಟಿಗೆಯಲ್ಲಿ ಬಂದ. ಅದಕ್ಕೆ ಗಾಜಿರಲಿಲ್ಲ.

“ತಗಡು ಕತ್ತರಿಸೋದು ನನಗೆ ಎಷ್ಟೊತ್ತಿನ ಕೆಲಸ?” ಎನ್ನುತ್ತಾರೆ ತಗಡಣ್ಣ. “ ತೆರೀಬೇಡಿ ಅಂದ್ರು, ಸುಮ್ಮನಾದೆ. ನಿಜ ಹೇಳ್ತೀನಿ, ನೋಡೋಕೆ ನನಗೂ ಹೆದರಿಕೆ ಇತ್ತು. ಅದರಲ್ಲಿದ್ದೋನು ನಮ್ಮ ಹುಡುಗ ಅಲ್ಲವೇ ಅಲ್ಲ ಅಂತಾಳೆ ನಮ್ಮನೆಯವಳು. ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೆ ಈಗಲೂ ಒಲೆ ಬಿಟ್ಟು ಓಡ್ತಾಳೆ.”

ಎರಡನೆಯ ಗಾಜು ನಿಲ್ಲುತ್ತದೆ. ವ್ಯಾನು ಹೊರಟ ಮೇಲೂ ತಗಡಣ್ಣ ರಸ್ತೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ಇನ್ನೇನು ಗೇಟು ಎಳೆಯುತ್ತಿದ್ದರು, ಬೈಸಿಕೊಂಡು ಒಳಗೆ ಸೇರಿಸಿದೆ ಎಂದು ಚಾಲಕ ಫೋನಿನಲ್ಲಿ ಹೇಳಿದಾಗಲೇ ಅವರು ಮುಖ ತೊಳೆಯಲು ಹೋಗುವುದು.

ಮರುದಿನ ರಾತ್ರಿ ಊರಿನಿಂದ ಆ ತಂಗಿಯ ಕರೆ ಬರುತ್ತದೆ. ತಾಯಿ ಗಾಜಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳಂತೆ. ‘ಇವನೇ’ ಎಂದಳಂತೆ. ಆಮೇಲೆ ಎದೆ ಬಡಿದುಕೊಂಡು ಅತ್ತು, ಸಂಜೆಯ ಹೊತ್ತಿಗೆ ಒಂದು ಲೋಟ ನೀರು ಕುಡಿದಳಂತೆ.

ಮನೆಯಲ್ಲಿ ಹೆಂಡತಿಗೆ ಇದನ್ನು ಹೇಳಿದಿರಾ ಎಂದರೆ ತಗಡಣ್ಣ ಇಲ್ಲವೆಂದು ತಲೆಯಾಡಿಸುತ್ತಾರೆ.

“ಯಾವ ಮುಖ ಇಟ್ಕೊಂಡು ಹೇಳಲಿ? ಇವಳು ಕಾಯ್ತಾನೇ ಇರ್ತಾಳೆ. ಆ ತಾಯಿ ಇನ್ನು ಕಾಯೋದಿಲ್ಲ. ಅಷ್ಟು ಸಾಕು ನನಗೆ.”