ಹಿಂದಿನ ಸೀಟಿನ ಅಕ್ಕ

ರಿಪೇರಿ ಮಾಡಿ ಕಳಿಸಿದ ಸೈಕಲ್ಲು ಅದೇ ದೂರು ಹೊತ್ತು ವಾಪಸು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಗಿರಾಕಿಯ ಮೇಲಲ್ಲ, ಸೈಕಲ್ಲಿನ ಮೇಲೆ. ಅದಕ್ಕೇನು ಗೊತ್ತಾಗುತ್ತದೆ ಅನ್ನಬೇಡಿ. ಬೈದರೆ ನನಗಾದರೂ ಸಮಾಧಾನವಾಗುತ್ತದೆ. ಹೊಲಿಗೆ ಅಕ್ಕನ ಸೈಕಲ್ಲಿನಷ್ಟು ಬೈಸಿಕೊಂಡದ್ದು ನನ್ನ ಅಂಗಡಿಯಲ್ಲಿ ಇನ್ನೊಂದಿಲ್ಲ.

ಅಕ್ಕ ಗುಡ್ಡದ ಮೇಲಿನ ಆಸ್ಪತ್ರೆಯ ಲಾಂಡ್ರಿಯಲ್ಲಿ ಹರಿದ ಹಾಸುಬಟ್ಟೆ, ದಿಂಬಿನ ಚೀಲ ಹೊಲಿಯುವವರು. ಗಂಡ ಅಲ್ಲೇ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಇಬ್ಬರದೂ ಒಂದೇ ಪಾಳಿ. ಇಬ್ಬರು ತುಳಿಯುವ ಉದ್ದನೆಯ ಜೋಡಿ ಸೈಕಲ್ಲಿನಲ್ಲಿ ದಿನಾ ಹೋಗಿಬರುತ್ತಿದ್ದರು. ಮುಂದೆ ಅವರು, ಹಿಂದೆ ಇವರು. ಬ್ರೇಕು, ಗೇರು, ಬೆಲ್ಲು ಎಲ್ಲ ಮುಂದಿನವರ ಕೈಯಲ್ಲಿ, ಹಿಂದಿನವರಿಗೆ ತುಳಿಯುವ ಕೆಲಸ ಮಾತ್ರ. ಬೀದಿಯ ಅಂಗಡಿಯವರೆಲ್ಲ "ರೈಲು ಬಂತು, ದಾರಿ ಬಿಡ್ರಪ್ಪಾ" ಎಂದು ರೇಗಿಸುತ್ತಿದ್ದೆವು. ಕಳೆದ ಚಳಿಗಾಲದಲ್ಲಿ ಎದೆನೋವೆಂದು ಮಲಗಿದ ಗಂಡ ಮತ್ತೆ ಏಳಲಿಲ್ಲ. ಅಕ್ಕ ಜೋಡಿ ಸೈಕಲ್ಲನ್ನು ನನ್ನ ಅಂಗಡಿಗೆ ತಳ್ಳಿಕೊಂಡು ಬಂದು ಒಪ್ಪಿಸಿ, ಬದಲಿಗೆ ಒಂದು ಸಾಧಾರಣ ಗೇರಿನ ಸೈಕಲ್ಲು ತೆಗೆದುಕೊಂಡು ಹೋದರು.

ಆವತ್ತಿನಿಂದ ಶುರುವಾಯಿತು ಕಾಟ.

"ರಿಪೇರಿಯವರೇ, ಏರಲ್ಲಿ ಇದು ಚಿಕ್ಕದಕ್ಕೆ ಬೀಳೋದೇ ಇಲ್ಲ. ದೊಡ್ಡದನ್ನೇ ಕಚ್ಕೊಂಡು ಕೂತಿರುತ್ತೆ. ಕಾಲು ಸೋತು, ಇಳಿದು ತಳ್ತೀನಿ."

ಪೆಡಲಿನ ಪಕ್ಕ ಎರಡು ಹಲ್ಲುಚಕ್ರಗಳಿರುತ್ತವೆ. ಸಮನೆಲಕ್ಕೆ ದೊಡ್ಡದು, ಏರಿಗೆ ಚಿಕ್ಕದು. ಎಡಗೈಯ ಗುಂಡಿ ಒತ್ತಿದರೆ ಕೇಬಲ್ ಸಡಿಲವಾಗಿ, ಚಿಮಟದಂಥ ಒಂದು ತಗಡು ಚೈನನ್ನು ದೊಡ್ಡದರಿಂದ ಚಿಕ್ಕದಕ್ಕೆ ತಳ್ಳುತ್ತದೆ. ಇಷ್ಟೇ ಸಂಗತಿ. ಕೇಬಲ್ ಒಳಗೆ ತುಕ್ಕು ಹಿಡಿದಿರಬೇಕೆಂದು ಹೊಸದು ಹಾಕಿದೆ. ಮಾರನೇ ವಾರ ಅಕ್ಕ ಮತ್ತೆ ಹಾಜರ್. ತಗಡು ಓರೆಯಾಗಿರಬೇಕೆಂದು ಕಣ್ಣಳತೆಯಲ್ಲಿ ನೇರ ಮಾಡಿದೆ, ತುಸು ಕೆಳಗಿಳಿಸಿದೆ. ಮತ್ತೆ ಹಾಜರ್. ತಗಡು ಎಷ್ಟು ಒಳಗೆ ಹೋಗಬೇಕೆಂದು ತಡೆಯುವ ಸ್ಕ್ರೂ ಒಂದಿದೆ, ಅದನ್ನು ಸಡಿಲ ಮಾಡಿದೆ. ಈ ಸಲ ಚೈನು ಚಿಕ್ಕದನ್ನೂ ದಾಟಿ ಒಳಗೆ ಬಿದ್ದು ಸಿಕ್ಕಿಹಾಕಿಕೊಂಡಿತು. ಅಕ್ಕ ಕೈತುಂಬ ಮಸಿ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತರು.

"ಇದರ ಮನೆ ಹಾಳಾಗ!" ಎಂದೆ.

"ನನ್ನ ಮನೇನೇ ಹಾಳಾಗೋದು ಹೀಗಾದ್ರೆ" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಆಮೇಲೆ ವಿಷಯ ಹೇಳಿದರು. ಬೆಳಗಿನ ಪಾಳಿ ಮೊದಲ ಬಸ್ಸು ಹೊರಡುವ ಮುಂಚೆಯೇ ಶುರುವಾಗುತ್ತದೆ. ತಳ್ಳಿಕೊಂಡು ಹೋಗಿ ತಡವಾಗುತ್ತಿದೆ. ಹೀಗೇ ಆದರೆ ತಿಂಗಳ ಕೊನೆಗೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಮೇಲ್ವಿಚಾರಕಿ ಖಡಾಖಂಡಿತ ಹೇಳಿದ್ದಾಳೆ. ಬೇರೆ ಊರಿನ ತಂಗಿ, ಮನೆ ಖಾಲಿ ಮಾಡಿ ಬಂದುಬಿಡು ಎಂದು ಫೋನಿನ ಮೇಲೆ ಫೋನು ಮಾಡುತ್ತಿದ್ದಾಳೆ.

"ಹೋಗಿ ಅಕ್ಕ. ಒಬ್ರೇ ಇಲ್ಲೇನ್ ಮಾಡ್ತೀರಿ?" ಎಂದೆ. ನನ್ನ ಬಾಯಿಗೆ ಬೀಗವಿಲ್ಲ.

"ಅವಳು ಚೆನ್ನಾಗೇ ನೋಡ್ಕೋತಾಳೆ. ಆದ್ರೆ ಅಲ್ಲಿ ನಾನು ದಿನಾ ನೆಂಟಳು. ಒಂದು ಲೋಟ ಎತ್ತಿಟ್ರೂ 'ಅಯ್ಯೋ ನೀನ್ಯಾಕೆ ಅಕ್ಕಾ' ಅಂತಾರೆ. ಇಲ್ಲಾದ್ರೆ ಬೆಳಿಗ್ಗೆ ಎದ್ದು ಹೋಗಕ್ಕೆ ಒಂದು ಜಾಗ ಇದೆ. ಶನಿವಾರ ಮಧ್ಯಾಹ್ನ ಲಾಂಡ್ರಿ ಬಾಗಿಲು ಹಾಕಿದ್ರೆ ಸೋಮವಾರದವರೆಗೆ ನಾನು ಯಾರ ಹತ್ರಾನೂ ಮಾತಾಡಲ್ಲ, ಗೊತ್ತಾ? ಆ ಕೆಲಸಾನೂ ಹೋದ್ರೆ ನಾನು ಮಾತೇ ಮರೆತುಬಿಡ್ತೀನಿ."

ನಾನೀಗ ಹಟಕ್ಕೆ ಬಿದ್ದೆ. ಎಲ್ಲ ಬಿಚ್ಚಿ, ತೊಳೆದು, ಮೊದಲಿನಿಂದ ಕೂಡಿಸಿದೆ. ಸ್ಟ್ಯಾಂಡಿನ ಮೇಲೆ ಕೈಯಿಂದ ಪೆಡಲು ತಿರುಗಿಸಿದರೆ ಚೈನು ಹೇಳಿದ ಮಾತು ಕೇಳುತ್ತಿತ್ತು. ನಂಬದೆ ನಾನೇ ಹತ್ತಿ ಆಸ್ಪತ್ರೆಯ ಏರು ಹತ್ತಿಬಂದೆ. ಸಲೀಸಾಗಿ ಬಿತ್ತು. ಅಕ್ಕ ಒಯ್ದರು. ಎರಡೇ ದಿನಕ್ಕೆ, ಬೀಳಲಿಲ್ಲ ಎಂದು ವಾಪಸು ಬಂದರು. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು.

ಭಾನುವಾರ ನನ್ನ ಸೈಕಲ್ಲು ತೆಗೆದುಕೊಂಡು ಅವರ ಮನೆಗೇ ಹೋದೆ. ಅವರು ತುಳಿಯುವಾಗ ಹಿಂದೆಯೇ ಹೋಗಿ ಕಣ್ಣಾರೆ ನೋಡುವುದೊಂದೇ ಉಳಿದಿತ್ತು. ಮನೆಯೆಂದರೆ ಒಂದು ಉದ್ದನೆಯ ಕೋಣೆ, ಮೂಲೆಯಲ್ಲಿ ಒಲೆ. ಜೋಡಿ ಸೈಕಲ್ಲು ಒರಗಿಸುತ್ತಿದ್ದ ಗೋಡೆಯಲ್ಲಿ ಟೈರು ಉಜ್ಜಿದ ಕರಿ ಗೆರೆ ಈ ತುದಿಯಿಂದ ಆ ತುದಿಗೆ ಹಾಗೇ ಇತ್ತು. ಹೊಸ ಸೈಕಲ್ಲು ಅದರ ಅರ್ಧ ಜಾಗವನ್ನೂ ತುಂಬುತ್ತಿರಲಿಲ್ಲ. ಉಳಿದ ಜಾಗದಲ್ಲಿ ಅಕ್ಕ ಏನನ್ನೂ ಇಟ್ಟಿರಲಿಲ್ಲ. ಅಲ್ಲಿ ನಿಲ್ಲಲು ನನಗೆ ಸಂಕಟವಾಯಿತು. ಬೇಗ ಹೊರಡಿಸಿದೆ.

ಏರು ಶುರುವಾಗುವ ಕಡೆ ಅಕ್ಕ ಗುಂಡಿ ಒತ್ತಿದ್ದು ಕಾಣಿಸಿತು. ಒತ್ತುತ್ತಲೇ ಮೈಯ ಭಾರವೆಲ್ಲ ಹಾಕಿ ತುಳಿಯುತ್ತಿದ್ದರು. ಚೈನು ಕರಕರ ಅಂದಿತು, ದೊಡ್ಡದರಲ್ಲೇ ಉಳಿಯಿತು.

"ನಿಲ್ಸಿ ನಿಲ್ಸಿ!" ಎಂದು ಕೂಗಿದೆ. "ಅಕ್ಕಾ, ಗೇರು ಬದಲಾಯಿಸೋವಾಗ ಒಂದು ಗಳಿಗೆ ಕಾಲು ಹಗುರ ಬಿಡ್ಬೇಕಲ್ವಾ? ಅಷ್ಟು ಬಿಗಿಯಾಗಿ ಎಳೀತಿದ್ರೆ ಚೈನು ಹೇಗೆ ಇಳೀಬೇಕು? ಇಷ್ಟು ವರ್ಷ ಈ ಏರು ಹತ್ತಿದೀರಿ, ಇಷ್ಟೂ ಗೊತ್ತಿಲ್ವಾ?"

"ಗೊತ್ತಿಲ್ದೆ ಏನು? ಬಿಡ್ತಿದ್ದೆನಲ್ಲ."

"ಮತ್ತೆ ಈಗ್ಯಾಕೆ ಬಿಡಲ್ಲ?"

ಅಕ್ಕ ಬೆಲ್ಲಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು.

"ಗೇರು ಹಾಕೋವಾಗ ಅವರು ಮುಂದಿನಿಂದ 'ಹೂಂ' ಅಂತಿದ್ರು. ಅಂದಾಗ ಬಿಡ್ತಿದ್ದೆ. ಈಗ ಯಾರೂ ಅನ್ನಲ್ವಲ್ಲ."

ಇಷ್ಟು ದಿನ ನಾನು ಸ್ಕ್ರೂ ತಿರುಗಿಸಿದ್ದೇ ತಿರುಗಿಸಿದ್ದು. ನನಗೆ ಗೊತ್ತಿರುವುದು ಕೆಲಸ ಮುಂದುವರಿಸುವುದೊಂದೇ.

"ಅಷ್ಟೇ ತಾನೆ? ನಾನು ಅಂತೀನಿ. ಹತ್ತಿ."

ಕೆಳಗಿಳಿದು ಮತ್ತೆ ಬಂದೆವು. ಏರಿನ ಬುಡದಲ್ಲಿ ಅವರ ಬೆರಳು ಗುಂಡಿಗೆ ಹೋದದ್ದೇ ತಡ, ಹಿಂದಿನಿಂದ ಗಟ್ಟಿಯಾಗಿ "ಹೂಂ!" ಎಂದೆ. ಅಕ್ಕನ ಕಾಲು ತಟ್ಟನೆ ಹಗುರಾಯಿತು. ಚೈನು ಸದ್ದಿಲ್ಲದೆ ಚಿಕ್ಕದಕ್ಕೆ ಇಳಿಯಿತು. ಸೈಕಲ್ಲು ಏರಿನಲ್ಲಿ ಸರಾಗವಾಗಿ ಮುಂದೆ ಹೋಯಿತು.

"ಬಿತ್ತು! ಬಿತ್ತು ನೋಡಿ ಅಕ್ಕಾ!" ಎಂದು ಚಿಕ್ಕ ಹುಡುಗನ ಹಾಗೆ ಕೂಗಿದೆ.

ಅಕ್ಕ ಬ್ರೇಕು ಹಿಡಿದು ಇಳಿದರು. ನನ್ನ ಕಡೆ ತಿರುಗಲಿಲ್ಲ. ಭುಜಗಳು ಅಲುಗುತ್ತಿದ್ದವು.

"ನೀವು ಅನ್ಬೇಡಿ" ಎಂದರು.

"ಇಲ್ಲ ಅಕ್ಕ."

"ತಪ್ಪು ತಿಳ್ಕೋಬೇಡಿ. ಕಾಲಿಗೆ ಗೊತ್ತಾಗಲ್ಲ ನೋಡಿ. ಅವರೇ ಅಂದ್ರು ಅಂದ್ಕೊಂಡ್ಬಿಡ್ತು."

ಅವರ ಮನೆಯ ಆ ಉದ್ದ ಗೋಡೆ ನೋಡಿದಾಗಲೂ ನನಗೆ ಅಷ್ಟು ದುಃಖವಾಗಿರಲಿಲ್ಲ.

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, ಚೈನನ್ನು ದೊಡ್ಡದಕ್ಕೆ ಹಾಕಿ, ಸೈಕಲ್ಲು ತಿರುಗಿಸಿ ಕೆಳಗೆ ಹೋದರು. ನಾನು ರಸ್ತೆಯ ಬದಿಗೆ ಸರಿದೆ. ಅವರು ಬುಡದಿಂದ ಹೊರಟು ಬಂದರು. ತುಟಿ ಅಲುಗಿದ್ದು ಕಾಣಿಸಿತು, ದನಿ ಕೇಳಿಸಲಿಲ್ಲ. ಕಾಲು ಹಗುರಾಗಲಿಲ್ಲ. ಚೈನು ಕರಕರ ಅಂದಿತು. ಇನ್ನೇನು ಕಾಲು ಸೋತು ಇಳಿಯುತ್ತಾರೆ ಅನ್ನುವಾಗ, ಭಾನುವಾರದ ಖಾಲಿ ರಸ್ತೆಯಲ್ಲಿ ಅಕ್ಕ ಜೋರಾಗಿ ತನಗೆ ತಾನೇ "ಹೂಂ" ಎಂದರು.

ಚೈನು ಇಳಿಯಿತು. ಅಕ್ಕ ನನ್ನ ಪಕ್ಕದಲ್ಲೇ ಹಾದುಹೋದರು. ಕೆನ್ನೆ ಪೂರ್ತಿ ಒದ್ದೆಯಾಗಿತ್ತು. ನಿಲ್ಲಲಿಲ್ಲ, ತುಳಿಯುತ್ತ ಮೇಲಕ್ಕೆ ಹೋದರು.