‘ಇಲ್ಲ’ ಎನ್ನಬೇಕಾದ ಪರೀಕ್ಷೆ

ನನ್ನ ದಿನಚರಿಯ ಪ್ರಕಾರ ಅದು ಗುರುವಾರ. ನೆನಪು ಮಾತ್ರ ಬುಧವಾರ ಎನ್ನುತ್ತದೆ. ನೆನಪಿಗೂ ಬರಹಕ್ಕೂ ತಾಳೆಯಾಗದಿದ್ದಾಗ ಬರಹದ ಪರ ನಿಲ್ಲುವುದು ನನ್ನ ವೃತ್ತಿ ಕಲಿಸಿದ ಅಭ್ಯಾಸ. ಶಾಸನಗಳಲ್ಲಿ ಕೆತ್ತಿದ ತಿಥಿ, ವಾರ, ಸಂವತ್ಸರಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಪರಿಶೀಲಿಸುವುದರಲ್ಲೇ ನನ್ನ ಸೇವಾವಧಿ ಮುಗಿದಿತ್ತು. ಆದ್ದರಿಂದ ಗುರುವಾರವೆಂದೇ ಇಟ್ಟುಕೊಳ್ಳುತ್ತೇನೆ.

ಆ ಮಧ್ಯಾಹ್ನ ಜರ್ಮನಿಯ ಫೊಯರ್‌ಬಾಕ್‌ನಲ್ಲಿರುವ ನನ್ನ ಮಗಳ ಮನೆಯ ಊಟದ ಮೇಜಿನ ಮೇಲೆ ಸಭಾಪಾಲಕರು, ಅಂದರೆ ನಮ್ಮ ಪರಿಚಯದ ಪಾದ್ರಿಗಳು, ತಮ್ಮ ಜರ್ಮನ್ ಪರೀಕ್ಷೆಯ ಫಲಿತಾಂಶದ ಹಾಳೆಯನ್ನು ಬಿಡಿಸಿಟ್ಟರು. ಓದುವುದು, ಕೇಳುವುದು, ಬರೆಯುವುದು ಮೂರರಲ್ಲೂ ಉತ್ತೀರ್ಣ. ಮಾತನಾಡುವುದರಲ್ಲಿ ಅನುತ್ತೀರ್ಣ.

ಧಾರವಾಡದ ಕಡೆಯ ಇವರನ್ನೂ ಇವರ ಪತ್ನಿಯನ್ನೂ ಇಲ್ಲಿನ ಒಂದು ಕ್ರೈಸ್ತ ಸಭೆ ಮಿಷನರಿ ಸೇವೆಗೆಂದು ಕರೆಸಿಕೊಂಡಿತ್ತು. ಒಂದು ಕಾಲದಲ್ಲಿ ಈ ಸೀಮೆಯ ಮಿಷನರಿಗಳು ನಮ್ಮಲ್ಲಿಗೆ ಬಂದು, ಬೆವರು ಸುರಿಸಿ ಕನ್ನಡ ಕಲಿತರು. ಈಗ ಬೆವರುವ ಸರದಿ ನಮ್ಮವರದು. ವೃದ್ಧಾಶ್ರಮದಲ್ಲಿರುವವರನ್ನು ಭೇಟಿಮಾಡುವುದು, ಭಾನುವಾರದ ಆರಾಧನೆ ನಡೆಸಿ ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡುವುದು ಅವರ ಕೆಲಸ. ಷರತ್ತು ಒಂದೇ: ಈಸ್ಟರ್‌ಗೆ ಮುಂಚೆ ಇಬ್ಬರೂ ಬಿ-ಒನ್ ಎಂಬ ಮಧ್ಯಮ ಮಟ್ಟದ ಜರ್ಮನ್ ಪರೀಕ್ಷೆ ಮುಗಿಸಬೇಕು, ಇಲ್ಲದಿದ್ದರೆ ಊರಿಗೆ ಮರಳಬೇಕು. ಪತ್ನಿ ಮೊದಲ ಯತ್ನದಲ್ಲೇ ಮುಗಿಸಿದ್ದರು. ಇವರಿಗೆ ಉಳಿದದ್ದು ಫೆಬ್ರವರಿಯ ಒಂದು ಅವಕಾಶ.

“ನೀವು ವಿಮಾನಾ ಹತ್ತ್ರಿ. ನಾ ಇಲ್ಲೇ ಇದ್ದು ನಿಮ್ಮ ಪ್ರಸಂಗಾನೂ ಮಾಡ್ತೀನಿ,” ಎಂದರು ಪಕ್ಕದಲ್ಲಿ ಕುಳಿತಿದ್ದ ಪತ್ನಿ.

“ಕೇಳ್ರಿ ಸರ, ಮನಿಯಾಗ ನಮಗ ಸಿಗೂ ಸಮಾಧಾನ,” ಎಂದರು ಅವರು. ನಕ್ಕರೂ ಹಾಳೆಯನ್ನು ಮಡಿಸುವಾಗ ಅಂಚು ಕೂಡಿಸಲು ಎರಡು ಸಲ ಪ್ರಯತ್ನಿಸಬೇಕಾಯಿತು.

ನಾನು ಜರ್ಮನ್ ಕಲಿತದ್ದು ವಿದ್ವಾಂಸರ ಲೇಖನಗಳನ್ನು ಓದಲೆಂದು. ನನ್ನ ಮಾತು ನಿಧಾನ, ಆದರೆ ಕಟ್ಟುನಿಟ್ಟು. ಪ್ರತಿ ಗುರುವಾರ ಅವರಿಗೆ ಪಾಠ ಹೇಳಲು ಒಪ್ಪಿದೆ. ಒಂದು ತಿಂಗಳು ಶಬ್ದಗಳನ್ನೂ ವಾಕ್ಯಗಳನ್ನೂ ತಿದ್ದಿದೆ. ಅವರ ಜರ್ಮನ್‌ನಲ್ಲಿ ಅಂಥ ದೋಷವೇನೂ ಕಾಣಲಿಲ್ಲ. ಹಾಗಿದ್ದರೆ ಸೋತದ್ದೆಲ್ಲಿ? ಆಧಾರ ಸಿಗದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವುದು ನನಗೆ ಆಗದು.

ಆಧಾರ ಸಿಕ್ಕಿದ್ದು ನನ್ನ ತಪ್ಪಿನಿಂದಲೇ. ಒಂದು ದಿನ ಕಾಫಿಯ ನಡುವೆ ನಾನು, “ಕ್ರಿಸ್‌ಮಸ್‌ಗೆ ಸಿದ್ಧರಾಗುವ ನಿಮ್ಮ ಅಡ್ವೆಂಟ್ ಕಾಲದ ಮೊದಲ ಭಾನುವಾರ ಯಾವಾಗಲೂ ಡಿಸೆಂಬರಿನಲ್ಲೇ ಬರುತ್ತದೆ, ಅಲ್ಲವೇ?” ಎಂದೆ.

“ಹೌದ್ರಿ ಸರ, ಬರೋಬ್ಬರಿ,” ಎಂದರು ಸಭಾಪಾಲಕರು.

ಅಡುಗೆಮನೆಯಲ್ಲಿ ಮಗಳೊಂದಿಗಿದ್ದ ಅವರ ಪತ್ನಿ ಇಣುಕಿ ನೋಡಿದರು. “ಏನ್ ಬರೋಬ್ಬರಿ? ಎಷ್ಟೋ ವರ್ಷ ನವೆಂಬರಿನಾಗ ಬರತೈತಿ. ನೀವಽ ಮೇಣಬತ್ತಿ ಹಚ್ಚಿ ಪ್ರಸಂಗ ಮಾಡೀರಲ್ಲ!”

ನಾನು ಕ್ಯಾಲೆಂಡರ್ ತೆಗೆದು, ಕ್ರಿಸ್‌ಮಸ್‌ನಿಂದ ನಾಲ್ಕು ಭಾನುವಾರ ಹಿಂದಕ್ಕೆ ಎಣಿಸಿದೆ. ಪತ್ನಿ ಹೇಳಿದ್ದೇ ಸರಿ. ದಿನಾಂಕಗಳ ವಿಷಯದಲ್ಲಿ ನಾನು ತಪ್ಪಿದ್ದೆ. ಅದಕ್ಕಿಂತ ಹೆಚ್ಚಾಗಿ, ತಪ್ಪೆಂದು ತಿಳಿದವರೇ ನನ್ನನ್ನು ಸಮರ್ಥಿಸಿದ್ದರು.

“ನಿಮಗೆ ಗೊತ್ತಿರಲಿಲ್ಲವೇ?”

“ಗೊತ್ತಿತ್ರಿ. ಆದ್ರ ನೀವು ಹಿರ್ಯಾರು. ಮನಿಗೆ ಕರದು ಕಾಫಿ ಕೊಟ್ಟೀರಿ. ಮಾರಿ ಮ್ಯಾಲ ಇಲ್ಲ ಅನ್ನೂದು ಹ್ಯಾಂಗ್ರಿ?”

ಆಗ ಪರೀಕ್ಷೆಯ ದಿನದ ಸಂಭಾಷಣೆಯನ್ನು ಮೊದಲಿನಿಂದ ಹೇಳಿಸಿದೆ. ಇಬ್ಬರು ಅಭ್ಯರ್ಥಿಗಳು ಎದುರುಬದುರು ಕುಳಿತು ಒಂದು ಕೆಲಸವನ್ನು ಕೂಡಿ ಯೋಜಿಸಬೇಕು. ಅಂದಿನ ವಿಷಯ, ಆಸ್ಪತ್ರೆಯಲ್ಲಿರುವ ಸಹಪಾಠಿಯನ್ನು ನೋಡಲು ಹೋಗುವುದು. ಜೊತೆಯ ಅಭ್ಯರ್ಥಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋಗೋಣ ಎಂದನಂತೆ. ಇವರು ಹೌದು ಎಂದರು. ರೋಗಿಗೆ ಒಂದು ಬಾಟಲಿ ವೈನ್ ಒಯ್ಯೋಣ ಎಂದನಂತೆ. ಅದಕ್ಕೂ ಹೌದು.

“ಭಾನುವಾರ ಹತ್ತಕ್ಕ ಆರಾಧನಿ ಯಾರ್ ನಡಸವ್ರು? ನಿಮ್ಮ ವೈನ್ ಬಾಟ್ಲಿ?” ಎಂದು ಪತ್ನಿ ಕೇಳಿದಾಗ ಮೇಜಿನ ಸುತ್ತ ಯಾರಿಗೂ ನಗು ತಡೆಯಲಾಗಲಿಲ್ಲ. ಸಭಾಪಾಲಕರೂ ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ, “ಆ ಹುಡುಗ ಅಂಜಿದ್ದ ಸರ. ಅವನ ಮಾತು ಕಡದ್ರ ಅವ ಫೇಲ್ ಆಕ್ಕಾನ ಅನಿಸ್ತು,” ಎಂದರು.

ಅವರ ದೋಷ ನಾಲಿಗೆಯದಾಗಿರಲಿಲ್ಲ. ಇಪ್ಪತ್ತು ವರ್ಷ ಊರೂರು ತಿರುಗಿ, ದುಃಖದಲ್ಲಿರುವವರ ಮನೆಗಳಲ್ಲಿ ಕುಳಿತು, ಎದುರಿನವರ ಮಾತಿಗೆ ತಲೆದೂಗಿಯೇ ಅವರು ತಮ್ಮ ಕೆಲಸ ಮಾಡಿದ್ದರು. ಆ ಸೌಜನ್ಯವೇ ಇಲ್ಲಿ ಅಂಕ ಕಳೆದಿತ್ತು. ಪರೀಕ್ಷಕರಿಗೆ ಬೇಕಾದದ್ದು ಸಲಹೆ, ಆಕ್ಷೇಪ, ಅದಕ್ಕೊಂದು ಕಾರಣ.

ಪಾಠದ ಕ್ರಮವನ್ನು ಬದಲಿಸಿದೆ. ನಾನು ಜರ್ಮನ್‌ನಲ್ಲಿ ತಪ್ಪು ಹೇಳುವುದು, ಅವರು ಅಲ್ಲಗಳೆದು ಕಾರಣ ಕೊಡುವುದು. ಈಸ್ಟರ್ ಸೋಮವಾರ ಕಚೇರಿಗಳು ತೆರೆದಿರುತ್ತವೆ ಎಂದೆ. ವೃದ್ಧಾಶ್ರಮಕ್ಕೆ ಮುಂಚಿತವಾಗಿ ಹೇಳದೆ ಬೆಳಿಗ್ಗೆ ಆರಕ್ಕೇ ಹೋಗೋಣ ಎಂದೆ. ಮೊದಲ ವಾರಗಳಲ್ಲಿ ಅವರ ‘ನೈನ್’, ಅಂದರೆ ಜರ್ಮನ್ನಿನ ‘ಇಲ್ಲ’, ಕ್ಷಮೆ ಕೇಳುವ ಧಾಟಿಯಲ್ಲಿ ಬರುತ್ತಿತ್ತು.

“ಗಟ್ಟಿ ಅನ್ರಿ,” ಎಂದು ಪತ್ನಿ ಹುರಿದುಂಬಿಸುತ್ತಿದ್ದರು. “ನನಗ ಅಂತೀರಲ್ಲ ದಿನಾ, ಹಂಗ!”

ಜನವರಿಯ ಕೊನೆಯ ಹೊತ್ತಿಗೆ ಅವರು ನನ್ನ ಸರಿಯಾದ ಮಾತುಗಳನ್ನೂ ಪ್ರಶ್ನಿಸತೊಡಗಿದ್ದರು. ಫಲಿತಾಂಶದ ಬಗ್ಗೆ ನನಗೆ ಅನುಮಾನವೇ ಉಳಿಯಲಿಲ್ಲ.

ಪರೀಕ್ಷೆ ಮುಗಿದ ಸಂಜೆ ಅವರು ನೇರವಾಗಿ ನಮ್ಮ ಮನೆಗೇ ಬಂದರು. ಈ ಸಲ ಕೂಡಿ ಯೋಜಿಸಬೇಕಾದ ವಿಷಯ, ಶಿಕ್ಷಕಿಗೆ ಬೀಳ್ಕೊಡುಗೆ. ಜೊತೆಗಿದ್ದ ಮಹಿಳೆಯ ಸಲಹೆಗಳನ್ನು ಮೂರು ಸಲ ತಳ್ಳಿಹಾಕಿ, ಮೂರು ಸಲವೂ ಕಾರಣ ಕೊಟ್ಟಿದ್ದರು.

“ಆಮ್ಯಾಲೆ ಹೊರಗ ನಿಂತು ಆಕೀಗೆ ಕ್ಷಮಾ ಕೇಳಿ ಕಾಫಿ ಕುಡಿಸಿ ಬಂದೆ,” ಎಂದರು. “ಆಕಿ ನಕ್ಕೊಂತ, ನೀವು ತಕರಾರು ಮಾಡಿದ್ದಕ್ಕ ನನಗ ಮಾತು ಸಿಕ್ಕವು ಅಂದಳು.”

ಉತ್ತೀರ್ಣರಾದ ಪತ್ರ ಕೈಗೆ ಬಂದದ್ದು ಈಸ್ಟರ್‌ಗೆ ಸಾಕಷ್ಟು ಮುಂಚೆಯೇ. ಅದನ್ನು ತೋರಿಸಲು ಬಂದಾಗ ನಾನು ದಿನಚರಿ ತೆರೆದು, ಪತ್ರ ಹೊರಟದ್ದು ಮಂಗಳವಾರ ಎಂದು ಬರೆದೆ. ಸಭಾಪಾಲಕರು ಬಗ್ಗಿ ನೋಡಿದರು.

“ಅಲ್ಲರಿ ಸರ. ಸೋಮವಾರ.”

“ಮಂಗಳವಾರವೇ.”

“ಲಕೋಟಿ ನೋಡೂಣ್ರಿ,” ಎಂದು ಅವರು ಹೆಂಡತಿಯ ಚೀಲದಿಂದ ಲಕೋಟೆಯನ್ನು ಹುಡುಕಿ ತೆಗೆದರು. ಕಿಟಕಿಯ ಬೆಳಕಿಗೆ ಹಿಡಿದು ಅಂಚೆಯ ಮುದ್ರೆಯನ್ನು ಇಬ್ಬರೂ ಓದಿದೆವು. ನಾನು ಕ್ಯಾಲೆಂಡರಿನಲ್ಲಿ ತಾಳೆ ನೋಡಿದೆ. ಮಂಗಳವಾರವೇ.

ಅವರಿಗೆ ಅದು ಸಾಲಲಿಲ್ಲ. ಕ್ಯಾಲೆಂಡರನ್ನು ತಮ್ಮ ಕಡೆ ಎಳೆದುಕೊಂಡು, ಬೆರಳಿಟ್ಟು, ಮೊದಲಿನಿಂದ ಎಣಿಸಿದರು. ನಾನು ಪೆನ್ನು ಮುಚ್ಚಿ, ಅವರು ಎಣಿಸಿ ಮುಗಿಸುವವರೆಗೂ ಕಾದೆ.