ಮಾದರಿಗಳ ಅತ್ತೆಮ್ಮ
ಹವಾಮಾನ ಕಚೇರಿಯಲ್ಲಿ ಪರೀಕ್ಷೆಯ ಹೊಣೆ ಹೊತ್ತ ಮೇಡಂ ಅವರನ್ನು ಎಲ್ಲರೂ ಅತ್ತೆಮ್ಮ ಅನ್ನುವುದು ಬೆನ್ನ ಹಿಂದೆ ಮಾತ್ರ. ಯಾರು ಕಂಪ್ಯೂಟರಿನಲ್ಲಿ ಹವಾಮಾನದ ಮಾದರಿ ಕಟ್ಟಿ ಪರೀಕ್ಷೆಗೆ ತಂದರೂ, ಸೊಸೆ ಗುಡಿಸಿದ ಮೂಲೆ ನೋಡುವ ಹಾಗೆ ಕನ್ನಡಕ ಮೂಗಿನ ತುದಿಗಿಳಿಸುತ್ತಾರೆ. "ಮಳೆ ಸರಿಯಾಗಿ ತೋರಿಸ್ತಿದೆ ಮೇಡಂ" ಅಂದರೆ, "ಮಳೆ ಬಿಡಪ್ಪ, ಕಡಲು ಕಾದಾಗ ಮೇಲಿನ ಗಾಳಿ ಎಷ್ಟು ಎತ್ತರದಲ್ಲಿ ಬಿಸಿಯಾಯ್ತು, ಅದನ್ನ ಹೇಳು" ಅನ್ನುತ್ತಾರೆ. ಎರಡು ತಪ್ಪು ಸೇರಿ ಒಂದು ಸರಿ ಉತ್ತರ ಬಂದಿದೆಯೆಂದು ಗುಮಾನಿಯಾದರೆ ಅವತ್ತು ಅವರಿಗೆ ಊಟ ಸೇರುವುದಿಲ್ಲ. ಚಹಾ ತಂದುಕೊಟ್ಟರೂ "ಮೇಲೆ ಬಿಸಿ, ತಳ ಆರಿದೆ" ಎಂದು ತಕರಾರು. ಈ ಸಲದ ಸರದಿ ಹೆರಿಗೆ ರಜೆ ಮುಗಿಸಿ ಬಂದ ಹುಡುಗಿಯದು. ಪಾಸಾಗದಿದ್ದರೆ ಅವಳ ಮಾದರಿಗೆ ಮುನ್ಸೂಚನೆಯಲ್ಲಿ ಜಾಗವಿಲ್ಲ. ವಾರವಾದರೂ ಉತ್ತರ ಬರದೆ, ಉಗುರು ಕಚ್ಚಿ ಕಚ್ಚಿ ಸಾಕಾಗಿ ಅವಳೇ ಮೇಡಂ ಕೋಣೆಗೆ ಹೋದಳು. "ಅಷ್ಟೊಂದು ತಪ್ಪಿದೆಯಾ ಮೇಡಂ?" "ಒಂದೆತ್ತರದಲ್ಲಿ ನಿನ್ನ ಮಾದರಿ ಉಪಗ್ರಹ ಅಳೆದದ್ದಕ್ಕಿಂತ ಬಿಸಿ ಜಾಸ್ತಿ ತೋರಿಸ್ತು. ಕೂಸನ್ನ ಬೈಯೋ ಮೊದಲು ಉಪಗ್ರಹದ ಅಳತೆ ಸರಿಯಿದೆಯಾ ನೋಡ್ಬೇಕಲ್ಲಮ್ಮ, ವಾರವೆಲ್ಲ ಅದನ್ನೇ ಕೆದಕ್ತಾ ಕೂತೆ. ಇಷ್ಟು ವರ್ಷ ನಾನೇ ನಂಬಿದ್ದ ಅಳತೆ, ಅದೇ ತಪ್ಪು." ಹುಡುಗಿಗೆ ನಂಬಿಕೆಯೇ ಬರಲಿಲ್ಲ. "ಹಾಗಾದ್ರೆ ಪಾಸಾ?" "ಪಾಸು. ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗು, ಆ ಉಪಗ್ರಹದವರ ಹತ್ರ ಸ್ವಲ್ಪ ಮಾತಾಡೋದಿದೆ."